ಎಂಟುಂಟಲ್ಲ, ಒಂದು ಹೋದರೆ ಏನು

ಜೇಡಕ್ಕೆ ಎಂಟು ಕಾಲು ಎಂದು ಮೊಮ್ಮಗಳು ಗಟ್ಟಿಯಾಗಿ ಪಾಠ ಓದುವಾಗ ನನಗೆ ಸಿಟ್ಟು ಬರುತ್ತದೆ. ಪಾಠದಲ್ಲಿ ತಪ್ಪಿಲ್ಲ, ಮೊಮ್ಮಗಳದ್ದಂತೂ ಏನೂ ತಪ್ಪಿಲ್ಲ. ಆದರೆ ಆ ಎಂಟು ಎಂಬ ಅಂಕಿ ಕಿವಿಗೆ ಬಿದ್ದ ಕೂಡಲೇ ನನ್ನ ಸೋದರಮಾವನ ಮುಖ ಕಣ್ಣೆದುರು ಬಂದು ನಿಲ್ಲುತ್ತದೆ. ಮಾವ ತೀರಿಕೊಂಡು ವರ್ಷಗಳೇ ಕಳೆದವು. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಮನೆಯಲ್ಲಿ ಹೇಳುತ್ತಾರೆ. ನಾನು ಇಟ್ಟುಕೊಂಡದ್ದಲ್ಲ, ಅದು ತಾನಾಗಿಯೇ ಉಳಿದುಕೊಂಡಿದೆ ಎಂದು ನಾನು ಉತ್ತರ ಕೊಡುತ್ತೇನೆ.

ನಾನು ಸಿಟ್ಟಿನ ಮನುಷ್ಯ ಎನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಪ್ಪತ್ತರ ದಶಕದ ಕೊನೆಗೆ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ನಾನು ಖಾಸಗಿ ಬಸ್ಸುಗಳ ಏಜೆಂಟನಾಗಿದ್ದೆ. ಆ ಕೆಲಸಕ್ಕೆ ಬೇಕಾದ ವಿದ್ಯೆ ಒಂದೇ, ಕೂಗುವುದು. ಬೆಳ್ತಂಗಡಿಯ ಬಸ್ಸು ಎರಡು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಂಟ್ವಾಳದ ಬಸ್ಸಿನ ಡ್ರೈವರು ಹಾರ್ನ್ ಒತ್ತಿ ಹಿಡಿಯುತ್ತಿದ್ದ. ಇಬ್ಬರ ನಡುವೆ ನಿಂತು ಇಬ್ಬರಿಗೂ ಬೈಯುವವನು ನಾನು. ಜಗಳ ತುಳುವಿನಲ್ಲಿ, ಬಸ್ಸಿನ ಹೊತ್ತು ಬರೆಯುವ ರಿಜಿಸ್ಟರು ಕನ್ನಡದಲ್ಲಿ. ರಿಜಿಸ್ಟರು ಓದಿದವರಿಗೆ ನಾನು ಬಹಳ ಸಾಧು ಮನುಷ್ಯನಾಗಿ ಕಂಡಿರಬೇಕು.

ಇಂಥವನು ಹುಟ್ಟಿದ್ದು ಜೈನರ ಮನೆಯಲ್ಲಿ. ಕ್ರೋಧಕ್ಕೆ ನಮ್ಮಲ್ಲಿ ದರ್ಜೆಗಳಿವೆ. ನೀರಿನ ಮೇಲೆ ಎಳೆದ ಗೆರೆಯಂಥದು, ಮರಳಿನ ಮೇಲಿನದು, ಒಣನೆಲದ ಬಿರುಕಿನಂಥದು, ಕಲ್ಲಿನಲ್ಲಿ ಬಿಟ್ಟ ಬಿರುಕಿನಂಥದು. ನೀರಿನದು ಆಗಲೇ ಅಳಿಯುತ್ತದೆ, ಕಲ್ಲಿನದು ಜನ್ಮ ಕಳೆದರೂ ಹೋಗುವುದಿಲ್ಲ. ನನ್ನದು ಯಾವುದು ಎಂದು ಚಿಕ್ಕವನಿದ್ದಾಗ ಅಮ್ಮನನ್ನು ಕೇಳಿದ್ದೆ. ಅಮ್ಮ ನೀರು ಸೋಸುವ ಬಟ್ಟೆಯನ್ನು ಹಿಂಡುತ್ತ, "ಮೊದಲು ಕೈ ತೊಳ್ಕೊಂಡು ಬಾ" ಎಂದರು. ಉತ್ತರ ಕೊಡಲು ಮನಸ್ಸಿಲ್ಲದಿದ್ದರೆ ಅಮ್ಮ ಏನಾದರೂ ಕೆಲಸ ಹೇಳುತ್ತಿದ್ದರು.

ಮಾವ ಅಮ್ಮನ ಅಣ್ಣ. ನಮ್ಮದು ಅಳಿಯಕಟ್ಟಿನ ಮನೆ, ಅಂದರೆ ಮನೆ ಹೆಂಗಸರ ಕಡೆಯಿಂದ ಬರುವುದು, ಯಜಮಾನಿಕೆ ಅವರ ಅಣ್ಣತಮ್ಮಂದಿರದ್ದು. ಭೂಸುಧಾರಣೆಯಲ್ಲಿ ಮಾವನ ಗದ್ದೆಗಳೆಲ್ಲ ಒಕ್ಕಲಿಗೆ ಹೋಗಿದ್ದವು, ಉಳಿದದ್ದು ಯಜಮಾನಿಕೆ ಮಾತ್ರ. ಹಿಂದೆ ಇಪ್ಪತ್ತು ಒಕ್ಕಲು ಮನೆಗಳ ಮೇಲೆ ಹರಡಿದ್ದ ಆ ಯಜಮಾನಿಕೆಯೆಲ್ಲ ಈಗ ನನ್ನೊಬ್ಬನ ತಲೆಯ ಮೇಲೆ ಬಂದು ಕೂತಿತ್ತು. ಮಾವನಿಗೆ ಎದುರು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಅವರು ಒಳಗೆ ಬಂದರೆ ನಾನು ಎದ್ದು ನಿಲ್ಲಬೇಕು. ಬಸ್‌ಸ್ಟ್ಯಾಂಡಿನಲ್ಲಿ ನಾನು ಯಾಕೆ ಅಷ್ಟು ಕೂಗುತ್ತಿದ್ದೆ ಎಂದು ನಿಮಗೆ ಈಗ ಅರ್ಥವಾಗಿರಬಹುದು.

ಜೇಡ ಬಂದದ್ದು ಬೆಳ್ತಂಗಡಿ ಬಸ್ಸಿನ ಮೇಲೆ. ನಾಟಿ ಮದ್ದು ಕೊಡುವ ಯಾರೋ ಪಂಡಿತರಿಗೆಂದು ಘಟ್ಟದ ಬುಡದಿಂದ ಯಾರೋ ಕಳಿಸಿದ ಒಂದು ಚೀಲ ಮರದ ತೊಗಟೆ. ಪಂಡಿತರೂ ಬರಲಿಲ್ಲ, ಅವರ ಕಡೆಯವರೂ ಬರಲಿಲ್ಲ. ಹತ್ತು ದಿನ ಕಾದು ಚೀಲ ಬಿಚ್ಚಿದರೆ ತೊಗಟೆಯ ಮಡಿಕೆಯೊಳಗೆ ನನ್ನ ಅಂಗೈಯಷ್ಟು ಅಗಲದ ಜೇಡ. ಬೂದು ಬಣ್ಣ, ಮೈಯೆಲ್ಲ ರೋಮ. ಕಡ್ಡಿ ತೋರಿಸಿದರೆ ಮುಂಗಾಲು ಎತ್ತಿ ನಿಲ್ಲುತ್ತಿತ್ತು, ಆಗ ಕಾಲಿನ ಒಳಭಾಗದ ಹಳದಿ ಪಟ್ಟೆಗಳು ಕಾಣುತ್ತಿದ್ದವು. ಅಷ್ಟು ಸಣ್ಣ ಜೀವ ನನ್ನಷ್ಟು ದೊಡ್ಡವನ ಮೇಲೆ ಅಷ್ಟು ಸಿಟ್ಟಾದದ್ದು ನೋಡಿ ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು.

ಅಂಗಡಿಯಲ್ಲಿ ಪೆಪ್ಪರಮಿಂಟು ಹಾಕಿಡುವ ಗಾಜಿನ ಭರಣಿಯೊಂದನ್ನು ತಂದು, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಒಂದು ತುಂಡು ತೊಗಟೆ ಮತ್ತು ಒದ್ದೆ ಹತ್ತಿ ಇಟ್ಟು ಅದರೊಳಗೆ ಬಿಟ್ಟೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರೊಬ್ಬರು ಬಸ್ಸು ಕಾಯುವಾಗ ಕಂಡು, ಇದು ಟರಂಟುಲಾ, ಹೆಣ್ಣು ಇರಬೇಕು, ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬದುಕುತ್ತದೆ ಎಂದರು. ಪಾರ್ಸೆಲ್ ಕೋಣೆಯಲ್ಲಿ ಜಿರಲೆಗೆ ಬರವಿರಲಿಲ್ಲ. ಹೀಗೆ ಒಂದು ವರ್ಷ ಭರಣಿ ನನ್ನ ಮೇಜಿನ ಮೇಲೆ ಇತ್ತು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜೀವಂತ ಜಿರಲೆಯನ್ನು ಇನ್ನೊಂದು ಜೀವದ ಬಾಯಿಗೆ ಕೊಡುತ್ತೇನೆ ಎಂದು ನಮ್ಮ ಮನೆಯಲ್ಲಿ ಯಾವ ಬಾಯಿಂದ ಹೇಳುವುದು?

ಮುಂದಿನ ಜೂನ್ ತಿಂಗಳಲ್ಲಿ ಒಂದು ದಿನ ಮಾವ ಮಡಂತ್ಯಾರಿಗೆ ಹೋಗುವುದಕ್ಕೆಂದು ಬಸ್‌ಸ್ಟ್ಯಾಂಡಿಗೆ ಬಂದರು. ನಾನು ಎಂದಿನಂತೆ ಎದ್ದು ನಿಂತು ನನ್ನ ಕುರ್ಚಿ ಕೊಟ್ಟೆ. ಹೊರಗೆ ಎರಡು ಬಸ್ಸುಗಳ ಜಗಳ ಎದ್ದಿತು, ಹೋಗಿ ಕೂಗಿ ಬರುವಷ್ಟರಲ್ಲಿ ಮಾವ ಭರಣಿಯ ಮುಚ್ಚಳ ತೆಗೆದಿದ್ದರು. ಯಾರನ್ನೂ ಕೇಳಲಿಲ್ಲ. ಅವರು ಯಾವತ್ತು ಯಾರನ್ನು ಕೇಳಿದ್ದಾರೆ? ಜೇಡ ಭರಣಿಯ ಬಾಯಿಗೆ ಬಂದು ಒಂದು ಕಾಲು ಹೊರಗೆ ಇಟ್ಟಿತು. ಮಾವ ಹೆದರಿ ಮುಚ್ಚಳವನ್ನು ಒತ್ತಿ ಹಿಡಿದು, ಹಿಡಿದದ್ದಲ್ಲದೆ ಒಂದು ಸುತ್ತು ತಿರುಗಿಸಿಯೂ ಬಿಟ್ಟರು.

ನಾನು ಮುಚ್ಚಳ ಬಿಡಿಸಿದಾಗ ಕಾಲು ತುಂಡಾಗಿ ಮೇಜಿನ ಮೇಲೆ ಬಿದ್ದಿತ್ತು. ಬುಡದಿಂದ ನೀರಿನಂಥ, ತುಸು ನೀಲಿ ಬಣ್ಣದ ದ್ರವ ಹನಿಯುತ್ತಿತ್ತು. ಅದೇ ಅದರ ರಕ್ತ.

"ಅಯ್ಯೋ ಮಾವ, ಎಂತ ಮಾಡಿದಿರಿ!" ಎಂದೆ.

ಮಾವ ಕೈಯನ್ನು ಪಂಚೆಗೆ ಒರೆಸಿಕೊಂಡು ಹೇಳಿದರು: "ಎಂಟುಂಟಲ್ಲ ಮಾರಾಯ, ಒಂದು ಹೋದ್ರೆ ಏನು?" ಆಮೇಲೆ, "ಮಡಂತ್ಯಾರಿನ ಬಸ್ಸು ಬಂತಾ ನೋಡು" ಎಂದರು.

ನಾನು ನೋಡಿದೆ! ಅದೇ ನನಗೆ ಇವತ್ತಿಗೂ ಉರಿಯುವುದು. ಹೊರಗೆ ಹೋಗಿ, ಬಸ್ಸು ಬಂದಿದೆಯೇ ನೋಡಿ, ಮಾವನಿಗೆ ಕಿಟಕಿಯ ಪಕ್ಕದ ಸೀಟು ಹಿಡಿದು ಕೊಟ್ಟು ಬಂದೆ. ಡ್ರೈವರುಗಳ ವಂಶವನ್ನೆಲ್ಲ ಎತ್ತಿ ಆಡುತ್ತಿದ್ದ ನನ್ನ ಬಾಯಿಗೆ ಆ ಹೊತ್ತಿನಲ್ಲಿ ಏನಾಗಿತ್ತು? ಎಷ್ಟೋ ಒಳ್ಳೆಯ ಉತ್ತರಗಳು ಆಮೇಲೆ ಹೊಳೆದವು. ಹಾಗಾದರೆ ನಿಮಗೆ ಬೆರಳು ಹತ್ತುಂಟಲ್ಲ ಎನ್ನಬಹುದಿತ್ತು. ಇಂಥ ಉತ್ತರಗಳನ್ನು ಸ್ನಾನ ಮಾಡುವಾಗ, ಊಟ ಮಾಡುವಾಗ ನಾನು ಮಾವನಿಗೆ ಮನಸ್ಸಿನಲ್ಲೇ ಕೊಡುತ್ತ ಬಂದಿದ್ದೇನೆ.

ಭರಣಿಯನ್ನು ಎದೆಗೆ ಅವಚಿಕೊಂಡು ಮನೆಗೆ ಓಡಿದೆ. ಅಮ್ಮ ಭರಣಿಯನ್ನು ನೋಡಿದರು, ನನ್ನನ್ನು ನೋಡಿದರು. ಯಾವಾಗಿಂದ ಸಾಕಿದ್ದು, ಏನು ತಿನ್ನಿಸಿದ್ದು ಎಂದು ಕೇಳಲಿಲ್ಲ. ಒಳಗೆ ಹೋಗಿ ಹಿಡಿ ಅಕ್ಕಿಹಿಟ್ಟು ತಂದು, ಹಕ್ಕಿಯ ಗರಿಯ ತುದಿಯಿಂದ ಗಾಯದ ಮೇಲೆ ಉದುರಿಸಿದರು. ಹಿಟ್ಟು ಒದ್ದೆಯಾಯಿತು, ಮತ್ತೆ ಉದುರಿಸಿದರು, ಆಮೇಲೆ ಗಟ್ಟಿಯಾಗಿ ಹನಿಯುವುದು ನಿಂತಿತು. ದನದ ಡಾಕ್ಟರನ್ನು ಕರೆಯುತ್ತೇನೆ ಎಂದರೆ, "ಅವರಿಗೆ ದನದ ಕಾಲೇ ಸರಿಯಾಗಿ ಗೊತ್ತಿಲ್ಲ" ಎಂದರು. ಅಮ್ಮ ಒಬ್ಬರನ್ನು ಟೀಕಿಸಿದ್ದು ನಾನು ಕೇಳಿದ್ದು ಅದೇ ಮೊದಲು.

ಪೆಟ್ಟಾದ ಜೀವವನ್ನು ಹೊರಗೆ ಹಾಕುವ ಮನೆಯಲ್ಲ ನಮ್ಮದು. ಆದರೆ ಅಮ್ಮ ಒಂದು ಷರತ್ತು ಹಾಕಿದರು. ಮನೆಯ ಬೇಲಿಯೊಳಗೆ ಅದಕ್ಕೆ ಬೇರೆ ಜೀವವನ್ನು ತಿನ್ನಿಸುವ ಹಾಗಿಲ್ಲ. ಹಾಲನ್ನವನ್ನು ಅವರೇ ಅಂಗೈಯಲ್ಲಿ ಕಿವುಚಿ ಇಟ್ಟುನೋಡಿದರು, ಜೇಡ ಅದರ ಮೇಲೆಯೇ ನಡೆದು ಹೋಯಿತು. ಹಾಗಾಗಿ ಎರಡು ದಿನಕ್ಕೊಮ್ಮೆ ನಾನು ಭರಣಿಯನ್ನು ಬಟ್ಟೆಚೀಲದಲ್ಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಒಯ್ದು, ಅಲ್ಲಿ ಅದಕ್ಕೆ ಊಟ ತೋರಿಸಿ, ಸಂಜೆ ಮನೆಗೆ ತರಬೇಕಾಯಿತು. ದಾರಿಯಲ್ಲಿ ಸಿಕ್ಕಿದವರೆಲ್ಲ ಚೀಲದಲ್ಲಿ ಎಂತ ಎಂದು ಕೇಳುವವರೇ. ಕೇಳಿದವರು ಸುಮ್ಮನೆ ಹೋಗುವುದಿಲ್ಲ. ಜೇಡ ಉಚ್ಚೆ ಹೊಯ್ದರೆ ಮೈಯೆಲ್ಲ ಬೊಕ್ಕೆ ಏಳುತ್ತದೆ ಎಂದು ಒಬ್ಬ, ಕೊಂದು ಎಣ್ಣೆಯಲ್ಲಿ ಕುದಿಸಿದರೆ ಗಂಟುನೋವಿಗೆ ಒಳ್ಳೆಯದು ಎಂದು ಇನ್ನೊಬ್ಬ. ಕಾಲು ಹೋದ ಜೀವವನ್ನು ಹೇಗೆ ಉಳಿಸುವುದು ಎಂದು ಮಾತ್ರ ಊರಿನಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ.

ಮತ್ತೆ ಅದು ತಿನ್ನಲಿಲ್ಲ. ಎದುರು ಜಿರಲೆ ಬಿಟ್ಟರೆ ಹಿಂದೆ ಸರಿದು ತೊಗಟೆಯ ಮರೆಗೆ ಹೋಗುತ್ತಿತ್ತು. ಜೂನ್ ಮುಗಿಯಿತು, ಜುಲೈ ಮುಗಿಯಿತು. ಪ್ರತಿ ಸಲ ಮನೆಗೆ ಬಂದಾಗ ಅಮ್ಮ, "ತೆಗೊಂಡಿತಾ?" ಎಂದು ಕೇಳುವುದು, ನಾನು ಇಲ್ಲ ಎನ್ನುವುದು. ನಾನು ಇನ್ನೂ ದೊಡ್ಡ ಜಿರಲೆ ಹುಡುಕುತ್ತಿದ್ದೆ. ಅಮ್ಮನ ಮುಖದಲ್ಲಿ ಮಾತ್ರ ಬೇರೆ ಏನೋ ಕಾಣತೊಡಗಿತು. ಒಂದು ದಿನ ಮೆಲ್ಲನೆ ಹೇಳಿದರು: "ಅದಕ್ಕೆ ಹಿಂಸೆ ಬೇಡ ಅಂತ ಆಗಿದೆ ಮಗಾ. ನೀನು ಒತ್ತಾಯ ಮಾಡ್ಬೇಡ. ಅದು ಆಹಾರ ಬಿಟ್ಟಿದೆ."

ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡದ್ದು ಮಾವ. ಬಾಳು ಮುಗಿಯುತ್ತ ಬಂದಿತೆಂದು ತಿಳಿದವರು ಮೊದಲು ಅನ್ನ, ಆಮೇಲೆ ನೀರು ಬಿಟ್ಟು ಶಾಂತವಾಗಿ ದೇಹ ಬಿಡುವ ಸಲ್ಲೇಖನ ವ್ರತ ನಮ್ಮಲ್ಲಿ ಉಂಟು. ಅದು ಮಹಾ ಕಠಿಣ, ಎಲ್ಲರಿಗೂ ದಕ್ಕುವುದಲ್ಲ. ನಮ್ಮ ಮನೆಯ ಜೇಡ ಸಲ್ಲೇಖನ ತೆಗೆದುಕೊಂಡಿದೆ ಎಂದು ಮಾವ ಬಸದಿಯಲ್ಲಿ ಹೇಳಿದರು. ಮರುದಿನದಿಂದ ಮನೆಗೆ ಜನ ಬರಲು ಶುರು, ಭರಣಿಯನ್ನು ಬಸ್‌ಸ್ಟ್ಯಾಂಡಿಗೆ ಒಯ್ಯುವುದು ನಿಂತಿತು. ಚಪ್ಪಲಿ ಹೊರಗೆ ಬಿಟ್ಟು ಬಂದು, ಭರಣಿಯ ಎದುರು ಕೈ ಮುಗಿದು ನಿಲ್ಲುವುದು. ಅಳದಂಗಡಿಯಿಂದ, ವೇಣೂರಿನಿಂದ ಬಂದವರೂ ಇದ್ದರು. ಅದೂ ನಾನು ಹೊರಡಿಸಿದ ಬಸ್ಸುಗಳಲ್ಲೇ.

ಭರಣಿಯ ಪಕ್ಕದಲ್ಲಿ ಕುರ್ಚಿ ಹಾಕಿ ಕೂತು ಮಹಿಮೆ ಹೇಳುತ್ತಿದ್ದವರು ಯಾರು? ಮಾವ! "ಕಾಲು ಹೋದದ್ದೇ ಇದಕ್ಕೆ ನಿಮಿತ್ತ. ಆ ದಿವಸವೇ ವೈರಾಗ್ಯ ಹುಟ್ಟಿತು ನೋಡಿ" ಎನ್ನುತ್ತಿದ್ದರು. ಕಾಲು ಹೇಗೆ ಹೋಯಿತು ಎಂದು ಯಾರೋ ಒಬ್ಬರು ಕೇಳಿಯೂ ಕೇಳಿದರು. ಮಾವ ಕಣ್ಣು ಅರ್ಧ ಮುಚ್ಚಿ, "ಪೂರ್ವಕರ್ಮ" ಎಂದರು. ನಾನು ಕಂಬ ಹಿಡಿದು ನಿಂತಿದ್ದೆ, ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು. ಮುರಿದವರಿಗೆ ಮರ್ಯಾದೆ, ಹೊತ್ತು ತಿರುಗಿದವನಿಗೆ ಬಂದವರಿಗೆ ಪಾನಕ ಕೊಡುವ ಕೆಲಸ.

ಆಗಸ್ಟಿನ ಕೊನೆಯ ವಾರ. ಬೆಳಿಗ್ಗೆ ಎದ್ದು ನೋಡಿದರೆ ಜೇಡ ಭರಣಿಯ ತಳದಲ್ಲಿ ಬೆನ್ನು ಕೆಳಗೆ ಮಾಡಿ ಮಲಗಿದೆ, ಏಳು ಕಾಲುಗಳೂ ಮೇಲಕ್ಕೆ. ಅಮ್ಮ ಪಕ್ಕದಲ್ಲಿ ಮಣೆ ಹಾಕಿ ಕೂತು ಮೆಲುದನಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳುತ್ತಿದ್ದಾರೆ. ನನ್ನ ಕಣ್ಣು ಹೋದದ್ದು ಹತ್ತಿಯ ಮೇಲೆ. ಅಲ್ಲ, ಹತ್ತಿ ಇರಬೇಕಾಗಿದ್ದ ಜಾಗದ ಮೇಲೆ.

"ಒದ್ದೆ ಹತ್ತಿ ಎಲ್ಲಿ?"

"ನಾನು ತೆಗೆದೆ. ನಾಲ್ಕು ದಿವಸ ಆಯ್ತು" ಎಂದರು ಅಮ್ಮ. "ಅನ್ನ ಬಿಟ್ಟ ಮೇಲೆ ನೀರು ಬಿಡುವುದು ಅಲ್ವಾ? ಅದರ ವ್ರತಕ್ಕೆ ಭಂಗ ಆಗ್ಬಾರದು ಅಂತ."

ಏನು ಹೇಳಲಿ? ಮೂರು ತಿಂಗಳಿನಿಂದ ಮಾವನಿಗೆಂದು ಕೂಡಿಟ್ಟದ್ದೆಲ್ಲ ಬಾಯಿಗೆ ಬಂತು. ಮಾವ ಆಚೆ ಕೋಣೆಯಲ್ಲಿ ಕೂತಿದ್ದರು. ಅವರ ಕಡೆಗೆ ತಿರುಗಲಿಲ್ಲ. ಅಮ್ಮನ ಮುಖ ನೋಡಿ, ಬಸ್‌ಸ್ಟ್ಯಾಂಡಿನ ಧ್ವನಿಯಲ್ಲಿ ಹೇಳಿದೆ: "ವ್ರತವೂ ಇಲ್ಲ, ಮಣ್ಣೂ ಇಲ್ಲ. ಒಂದು ಪೆಟ್ಟಾದ ಪ್ರಾಣಿಗೆ ನೀರು ತಪ್ಪಿಸಿದ್ದೀರಿ. ಅದನ್ನು ಕೊಂದದ್ದು ನೀವು."

ಬಹುವಚನ ಬಿಡಲಿಲ್ಲ ನೋಡಿ. ನಮ್ಮ ಮನೆಯಲ್ಲಿ ಕೊಲೆಯ ಆರೋಪವನ್ನೂ ಮರ್ಯಾದೆಯಿಂದಲೇ ಹೊರಿಸುತ್ತೇವೆ. ಅಮ್ಮ ಇರುವೆ ಕಂಡರೆ ಪೊರಕೆ ನಿಲ್ಲಿಸುವವರು. ಕತ್ತಲಾದ ಮೇಲೆ ಹುಳ ಬೀಳುತ್ತದೆಂದು ಒಂದು ತುತ್ತು ಬಾಯಿಗಿಡದವರು. ಅವರಿಗೆ ಹೇಳಬಾರದ ಮಾತು ಲೋಕದಲ್ಲಿ ಒಂದೇ ಇದ್ದರೆ ಅದು ಇದು. ನನಗೆ ಅದು ಗೊತ್ತಿತ್ತು, ಗೊತ್ತಿದ್ದೇ ಹೇಳಿದೆ. ಅಮ್ಮನ ಮಂತ್ರ ನಡುವಿನಲ್ಲಿ ನಿಂತಿತು. ಎದ್ದು ಒಳಗೆ ಹೋದರು. ಒದ್ದೆ ಮಾಡಿದ ಹತ್ತಿಯನ್ನು ತಂದು ಭರಣಿಯಲ್ಲಿ ಇಟ್ಟರು. ಆಮೇಲೆ ಹಿಂದಿನ ಜಗಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತರು.

ನಾನು ಅವತ್ತು ಕೆಲಸಕ್ಕೆ ಹೋಗಲಿಲ್ಲ. ಬಸ್ಸುಗಳು ತಮತಮಗೆ ತೋಚಿದ ಹೊತ್ತಿಗೆ ಹೋದವಂತೆ. ಹನ್ನೊಂದು ಗಂಟೆಯ ಹೊತ್ತಿಗೆ ಸತ್ತ ಜೇಡದ ಎದೆಯ ಅಂಚಿನಲ್ಲಿ ಒಂದು ಸೀಳು ಕಂಡಿತು. ಕೊಳೆಯುತ್ತಿದೆ ಎಂದುಕೊಂಡೆ. ಸೀಳು ಅಗಲವಾಯಿತು. ಒಳಗಿನಿಂದ ಬೆಳ್ಳನೆಯ, ಒದ್ದೆಯಾದ ಏನೋ ಮಿಸುಕಿತು. ಒಂದು ಕಾಲು ತನ್ನ ಹಳೆಯ ಕಾಲಿನೊಳಗಿನಿಂದ ನಿಧಾನವಾಗಿ ಹೊರಗೆ ಬಂತು. ಮತ್ತೊಂದು ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಭರಣಿಯಲ್ಲಿ ಎರಡು ಜೇಡ ಇದ್ದವು. ಒಂದು ಖಾಲಿ ಚರ್ಮ, ಇನ್ನೊಂದು ಸುಸ್ತಾಗಿ ಬಿದ್ದುಕೊಂಡ ಹೊಸ ಜೇಡ. ತುಂಡಾದ ಜಾಗದಲ್ಲಿ ಕಡ್ಡಿಯಂಥ, ಉಳಿದವಕ್ಕಿಂತ ಗಿಡ್ಡವಾದ, ಎಳೆಯ ಕಾಲು.

ಪೊರೆ ಬಿಡುವ ಮೊದಲು ಟರಂಟುಲಾ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಏನೂ ತಿನ್ನುವುದಿಲ್ಲವಂತೆ. ಅಂಗಾತ ಮಲಗಿ ಪೊರೆ ಬಿಡುತ್ತದಂತೆ. ಹೋದ ಕಾಲು ಆಗ ಮತ್ತೆ ಬರುತ್ತದಂತೆ. ಇದನ್ನೆಲ್ಲ ಆ ಕಾಲೇಜಿನ ಮೇಷ್ಟ್ರು ಆಮೇಲೆ ನಿಧಾನವಾಗಿ ವಿವರಿಸಿದರು. ಮೊದಲೇ ಹೇಳಬಾರದಿತ್ತೇ ಎಂದರೆ, ನೀವು ಕೇಳಲಿಲ್ಲವಲ್ಲ ಎಂದರು. ಅವರ ಮೇಲೂ ಸಿಟ್ಟು ಬಂತು. ಮಾವನ ಬಗ್ಗೆ ಏನು ಹೇಳುವುದು, ಅದು ಮರುಜನ್ಮ ಎಂದು ಸಂಜೆಯೇ ಬಂದವರಿಗೆ ವಿವರಿಸುತ್ತಿದ್ದರು.

ಜೇಡ ಬದುಕಿತು. ನಾನು ಆಡಿದ ಮಾತೂ ಬದುಕಿತು. ಅಮ್ಮ ಗಂಜಿ ಬಡಿಸುತ್ತಿದ್ದರು, ಬಟ್ಟೆ ಮಡಚಿ ಇಡುತ್ತಿದ್ದರು, ಭರಣಿಯ ಹತ್ತಿ ಒಣಗದಂತೆ ನಾನು ಏಳುವ ಮೊದಲೇ ನೋಡಿಕೊಳ್ಳುತ್ತಿದ್ದರು. ನನ್ನ ಕೂಡ ಬೇಕಾದಷ್ಟೇ ಮಾತು. ನನಗೋ, ಸತ್ತೇ ಇಲ್ಲವಲ್ಲ, ಮತ್ತೆ ಕೊಂದದ್ದು ಎಲ್ಲಿಂದ ಬಂತು, ತಾನಾಗಿ ರದ್ದಾಯಿತಲ್ಲ ಎಂಬ ವಾದ. ಹದಿನೆಂಟು ದಿನ ಈ ವಾದವನ್ನು ಹಿಡಿದುಕೊಂಡು ಓಡಾಡಿದೆ.

ಅಷ್ಟರಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಆ ದಿನ ನಾವು ಪ್ರತಿಯೊಬ್ಬರ ಹತ್ತಿರ, ಸಕಲ ಜೀವಗಳ ಹತ್ತಿರ, ವರ್ಷದ ತಪ್ಪುಗಳಿಗೆ ಕ್ಷಮೆ ಕೇಳಬೇಕು. ಬಸದಿಯಿಂದ ಬಂದ ಮಾವ ಚಾವಡಿಯಲ್ಲಿ ನಿಂತು ಕೈ ಮುಗಿದು, ಬಾಗಿಲು, ದನದ ಹಟ್ಟಿ, ಅಮ್ಮ, ನಾನು, ಭರಣಿ ಎಲ್ಲದರ ಕಡೆಗೂ ಒಂದೇ ಸುತ್ತು ತಿರುಗಿ, "ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾಗಿದ್ರೆ ಕ್ಷಮೆ ಇರ್ಲಿ" ಎಂದು ಒಂದೇ ಉಸಿರಿಗೆ ಹೇಳಿ ತಿಂಡಿಗೆ ಕೂತರು. ತಪ್ಪಾಗಿದ್ರೆ ಅಂತೆ! ಮುಚ್ಚಳ ತಿರುಗಿಸಿದ ಕೈ ಯಾರದು? ಎಲ್ಲರ ಹತ್ತಿರ ಒಟ್ಟಿಗೆ ಕೇಳಿದರೆ ಯಾರ ಹತ್ತಿರವೂ ಕೇಳಿದ ಹಾಗಾಗುವುದಿಲ್ಲ ಎಂದು ಆ ಕ್ಷಣದಲ್ಲಿ ನನಗೆ ಹೊಳೆಯಿತು, ಮೈಯೆಲ್ಲ ಉರಿಯಿತು.

ಆಮೇಲೆ ನನ್ನ ಸರದಿ. ಎದ್ದು ನಿಂತೆ, ಅಮ್ಮನ ಮತ್ತು ಮಾವನ ನಡುವಿನ ಕಂಬವನ್ನು ನೋಡುತ್ತ ಕೈ ಮುಗಿದು, ಮಾವ ಹೇಳಿದ ಅದೇ ಮಾತನ್ನು, ಅಷ್ಟೇ ವೇಗದಲ್ಲಿ ಹೇಳಿ ಮಣೆಯ ಮೇಲೆ ಕೂತೆ.

ಅಮ್ಮ ಬಡಿಸುವ ಸೌಟನ್ನು ಪಾತ್ರೆಯಲ್ಲಿ ಇಟ್ಟರು. "ಎಲ್ಲರ ಹತ್ರ ಕೇಳಿದ್ದು ಆಯ್ತು. ಇನ್ನು ನನ್ನ ಹತ್ರ ಬೇರೆ ಕೇಳು" ಎಂದರು.

ಧ್ವನಿ ಏರಿರಲಿಲ್ಲ, ಅಳುವೂ ಇರಲಿಲ್ಲ. ಸಾರು ಬೇಕಾ ಎಂದು ಕೇಳುವ ಹಾಗೆಯೇ ಇತ್ತು. ನಾನು ಎದ್ದೆ. ಈ ಸಲ ಕಂಬ ಬಿಟ್ಟು ಅಮ್ಮನ ಮುಖ ನೋಡಿ, "ಕೊಂದದ್ದು ನೀವು ಅಂತ ಹೇಳಿದೆ ಅಮ್ಮ. ತಪ್ಪಾಯ್ತು" ಎಂದೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಎದುರು ಬಂದು ಕೈ ಮುಗಿದರು. "ನಿನ್ನನ್ನು ಕೇಳದೆ ನೀರು ತೆಗೆದೆ ಮಗಾ. ನನ್ನದೂ ತಪ್ಪಾಯ್ತು" ಎಂದರು. ಆಮೇಲೆ ಸೌಟು ತೆಗೆದುಕೊಂಡು ನನಗೆ ಎರಡು ಸಲ ಬಡಿಸಿದರು.

ಸಿಟ್ಟೇ ಬಾರದವರು ಎಂದು ನಾವೆಲ್ಲ ತಿಳಿದಿದ್ದ ಅಮ್ಮನಿಗೂ ಹದಿನೆಂಟು ದಿನ ಸಿಟ್ಟು ಇತ್ತು. ಅದಕ್ಕೆ ಏನು ಬೇಕು ಎನ್ನುವುದು ಅವರಿಗೆ ಗೊತ್ತಿತ್ತು, ಅದನ್ನು ಕೊಡಬೇಕಾದವನ ಮುಖ ನೋಡಿ ಕೇಳಿದರು, ಸಿಕ್ಕಿತು, ಮುಗಿಯಿತು. ಮಾವ ಅದಾದ ಮೇಲೆ ಇನ್ನೂ ಹನ್ನೊಂದು ವರ್ಷ ಇದ್ದರು. ಹನ್ನೊಂದು ಕ್ಷಮಾವಣಿಗಳಲ್ಲೂ ನಾನು ಅವರೆದುರು ಮುಖ ಊದಿಸಿಕೊಂಡು ಕೂತು, ಅವರು ತಾವಾಗಿಯೇ ಬಂದು ಕೇಳಲಿ ಎಂದು ಕಾದೆ. ಅವರಿಗೆ ನಾನು ಕಾಯುತ್ತಿದ್ದೇನೆ ಎಂಬುದೇ ಗೊತ್ತಿರಲಿಲ್ಲ, ಅಳಿಯನಿಗೆ ಬೆಳಿಗ್ಗೆ ಹೊಟ್ಟೆ ಸರಿಯಿರುವುದಿಲ್ಲ ಎಂದು ಅಮ್ಮನ ಹತ್ತಿರ ಹೇಳುತ್ತಿದ್ದರಂತೆ. ನನ್ನ ಹತ್ತಿರ ಬೇರೆ ಕೇಳಿ ಮಾವ ಎಂದು ಒಂದೇ ಒಂದು ಸಲ ಹೇಳಿದ್ದರೆ ಅವರು ಕೇಳುತ್ತಿದ್ದರೋ ಇಲ್ಲವೋ ತಿಳಿಯದು. ಮೂಡುಬಿದಿರೆಯ ಅರ್ಧ ಊರಿಗೆ ಕೇಳುವಂತೆ ಕೂಗಿ ಬದುಕಿದ ನಾನು ಅಷ್ಟು ಚಿಕ್ಕ ಮಾತನ್ನು ಮಾತ್ರ ಯಾರಿಗೂ ಕೇಳಿಸುವ ಹಾಗೆ ಹೇಳಲಿಲ್ಲ.